ಮನೆ ಸಾಲ ಬೇರೆ ಬ್ಯಾಂಕಿಗೆ ಬದಲಿಸೋಣವೇ? – ಓದುಗರ ಹಣಕಾಸು ಪ್ರಶ್ನೋತ್ತರ

ಪ್ರಶ್ನೆ: ನಮ್ಮ ಯಜಮಾನರು ಸರ್ಕಾರಿ ಪ್ರೌಢಶಾಲೆ ಮೇಷ್ಟ್ರು, ವಯಸ್ಸು 48. 2018ರಲ್ಲಿ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಲ್ಲಿ ಸಾಲ ತೆಗೆದು ಮನೆ ಕಟ್ಟಿದೆವು. ಈಗ 18 ಲಕ್ಷ ಬಾಕಿ, ಬಡ್ಡಿ ಶೇ 10.25, ಕಂತು 21,770, ಇನ್ನು 12 ವರ್ಷ. ಮಗಳ ಓದು, ಮಾವನವರ ಆಪರೇಷನ್ ಎಂದು ಮಾಡಿದ ಪರ್ಸನಲ್ ಲೋನ್ 4 ಲಕ್ಷ ಉಳಿದಿದೆ. ಅದು ಶೇ 15, ಇನ್ನು 3 ವರ್ಷ, ಕಂತು 13,870. ನನ್ನ ಒಡವೆ ಮೇಲೆ ಶೇ 9ರ ಬಡ್ಡಿಗೆ 3 ಲಕ್ಷ. ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ ತಿರುವಿ ಇಡುತ್ತೇವೆ. ಸಂಬಳ ಕೈಗೆ 62,000. ನಾನು ಬ್ಲೌಸ್ ಹೊಲಿದು ಏಳೆಂಟು ಸಾವಿರ ನೋಡುತ್ತೇನೆ. ಮೊನ್ನೆ ಬ್ಯಾಂಕಿನ ಕಡೆಯವರೊಬ್ಬರು ಮನೆಗೇ ಬಂದು, ಮೂರೂ ಸಾಲ ಸೇರಿಸಿ 25 ಲಕ್ಷವನ್ನು ಶೇ 8.25ಕ್ಕೆ, 20 ವರ್ಷಕ್ಕೆ ಮಾಡಿಸಿಕೊಡುತ್ತೇವೆ, ಎಲ್ಲಕ್ಕೂ ಸೇರಿ ಕಂತು 21,300 ಅಷ್ಟೇ ಎಂದರು. ಅಷ್ಟು ವರ್ಷ ಸಿಗಬೇಕಾದರೆ ಮೈಸೂರಿನಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿರುವ ಮಗಳೂ ಸಹಿ ಹಾಕಬೇಕಂತೆ. ಯಜಮಾನರು ಒಪ್ಪಿಬಿಟ್ಟಿದ್ದಾರೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ.
– ಓದುಗರು, ಕಲ್ಲಹಳ್ಳಿ, ಮಂಡ್ಯ

ಉತ್ತರ: ಆತ ಹೇಳಿದ್ದರಲ್ಲಿ ಅರ್ಧ ತಗೊಳ್ಳಿ, ಅರ್ಧ ಬಿಡಿ. ಬ್ಯಾಂಕ್ ಬದಲಿಸುವುದು ಒಳ್ಳೆಯದು. 20 ವರ್ಷ ಎನ್ನುವುದು ಬೇಡ. ಮಗಳ ಸಹಿಯಂತೂ ಬೇಡವೇ ಬೇಡ.

ನಿಮ್ಮ ಯಜಮಾನರು ಒಪ್ಪಿದ್ದು ಯಾಕೆ ಅಂತ ಗೊತ್ತು. ಈಗ ಎರಡು ಕಂತು ಸೇರಿ 35,640, ಅಂದರೆ ಸಂಬಳದ ಅರ್ಧಕ್ಕಿಂತ ಜಾಸ್ತಿ ಹೋಗುತ್ತಿದೆ. ಅದು 21,300 ಆಗುತ್ತದೆ ಅಂದರೆ ಯಾರಿಗಾದರೂ ಉಸಿರು ಬಂದಂತಾಗುತ್ತದೆ. ಮಂಡ್ಯ, ಮದ್ದೂರು, ಮೈಸೂರಿನ ಶಾಖೆಗಳಲ್ಲಿ ಸಾಲದ ಮೇಜಿನ ಹಿಂದೆ ಕೂತು ನಿವೃತ್ತಳಾದವಳು ನಾನು. ಎದುರಿಗೆ ಕೂತವರು ‘ಕಂತು ಎಷ್ಟು ಬರುತ್ತೆ ಮೇಡಂ’ ಎಂದು ಕೇಳುತ್ತಿದ್ದರು. ‘ಒಟ್ಟು ಎಷ್ಟು ಕಟ್ಟಬೇಕು’ ಎಂದು ಕೇಳಿದವರು ಅಪರೂಪ. ಮಾರ್ಚ್ ತಿಂಗಳ ಟಾರ್ಗೆಟ್ ತಲೆ ಮೇಲಿರುವಾಗ ನಾವೂ ಅದನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಬಿಡಿ.

ಈಗ ಲೆಕ್ಕ ಹಾಕೋಣ. 21,300ರಂತೆ 240 ತಿಂಗಳು ಎಂದರೆ 51 ಲಕ್ಷ ದಾಟುತ್ತದೆ. ಏನನ್ನೂ ಬದಲಿಸದೆ ಈಗಿರುವಂತೆಯೇ ಕಟ್ಟುತ್ತಾ ಹೋದರೆ? ಮನೆ ಸಾಲಕ್ಕೆ 31 ಲಕ್ಷ 35 ಸಾವಿರ, ಪರ್ಸನಲ್ ಲೋನಿಗೆ 5 ಲಕ್ಷ, ಒಡವೆಯನ್ನು ಎರಡು ವರ್ಷದಲ್ಲಿ ಬಿಡಿಸಿಕೊಂಡರೆ ಮೂರೂವರೆ ಲಕ್ಷ. ಒಟ್ಟು 40 ಲಕ್ಷದ ಒಳಗೇ ಮುಗಿಯುತ್ತದೆ. ಬಡ್ಡಿ ದರ ಎರಡು ಪರ್ಸೆಂಟ್ ಇಳಿದರೂ ನೀವು 11 ಲಕ್ಷ ಜಾಸ್ತಿ ಕಟ್ಟುತ್ತೀರಿ. ಆತ ಸುಳ್ಳು ಹೇಳಿಲ್ಲ, ಕಂತಿನ ಲೆಕ್ಕ ಸರಿಯಾಗಿಯೇ ಇದೆ. ವರ್ಷದ ಲೆಕ್ಕವನ್ನು ಮಾತ್ರ ನಿಮ್ಮ ಮುಂದೆ ಇಟ್ಟಿಲ್ಲ.

ಇನ್ನೊಂದು ವಿಷಯ. ಯಜಮಾನರು 60ಕ್ಕೆ ನಿವೃತ್ತರಾಗುತ್ತಾರೆ. ಈಗಿನ ಸಾಲವೂ ಸರಿಯಾಗಿ ಆಗಲೇ ಮುಗಿಯುತ್ತದೆ. ಹೊಸದು ಅವರಿಗೆ 68 ಆಗುವವರೆಗೂ ಎಳೆಯುತ್ತದೆ. ಅವರು 2006ರ ಏಪ್ರಿಲ್ ನಂತರ ನೌಕರಿಗೆ ಸೇರಿದವರಾದರೆ ಎನ್‌ಪಿಎಸ್, ಹಳೆಯವರಂತೆ ಖಚಿತ ಪಿಂಚಣಿ ಇಲ್ಲ. ಆ ಎಂಟು ವರ್ಷದ ಕಂತು ಯಾರ ತಲೆಗೆ ಬರುತ್ತದೆ? ಅದಕ್ಕೇ ಮಗಳ ಸಹಿ. 22-23ರ ಹುಡುಗಿ 25 ಲಕ್ಷಕ್ಕೆ ಸಹಸಾಲಗಾರ್ತಿಯಾದರೆ ಆ ಸಾಲ ಅವಳ ಸಾಲದ ಇತಿಹಾಸ ಬರೆದಿಡುವ ಸಿಬಿಲ್‌ನಲ್ಲೂ ಕೂರುತ್ತದೆ. ನಾಳೆ ಅವಳೇ ಒಂದು ಮನೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಈ ಕಂತನ್ನು ಕಳೆದು ಉಳಿದದ್ದಕ್ಕೆ ಅಳೆಯುತ್ತಾರೆ. ಮದುವೆಯಾಗಿ ಹೋದರೂ ಸಹಿ ಇಲ್ಲೇ ಇರುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಈಗಿನ ಕಂಪನಿಗೇ ಒಂದು ಅರ್ಜಿ ಬರೆಯಿರಿ: ‘ಬೇರೆ ಬ್ಯಾಂಕ್ ಶೇ 8.25ಕ್ಕೆ ಕೊಡುತ್ತಿದೆ, ನೀವು ಎಷ್ಟಕ್ಕೆ ಇಳಿಸುತ್ತೀರಿ?’ ಒಂದು ಸಲದ ಶುಲ್ಕ ತೆಗೆದುಕೊಂಡು ದರ ಇಳಿಸುವುದುಂಟು. ಶೇ 8.5ರ ಹತ್ತಿರ ಬಂದರೆ ಅಲ್ಲೇ ಇರಿ, ಓಡಾಟ ಉಳಿಯುತ್ತದೆ. ನಿಮ್ಮ ದರ ತಾನಾಗಿ ಯಾಕೆ ಇಳಿಯಲಿಲ್ಲ ಎಂದರೆ, 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಮನೆ ಸಾಲದ ಬದಲಾಗುವ ಬಡ್ಡಿಯನ್ನು ರೆಪೊದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಕಟ್ಟಿಹಾಕಲೇಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟು ಇಲ್ಲ, ಅವರದು ಅವರದೇ ದರ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೊ 6.50ರಿಂದ 5.50ಕ್ಕೆ ಬಂದಾಗ ಬ್ಯಾಂಕಿನ ಸಾಲಗಾರರಿಗೆ ಅದು ತಾನಾಗಿ ಮುಟ್ಟಿತು. ನಿಮ್ಮಂಥವರು ಹೋಗಿ ಕೇಳಬೇಕು. ಹಾಗೆಂದು 8.25 ಕೂಡ ಕಲ್ಲಲ್ಲಿ ಕೊರೆದದ್ದಲ್ಲ. 2022ರ ಮೇನಿಂದ 2023ರ ಫೆಬ್ರವರಿಯೊಳಗೆ ಇದೇ ರೆಪೊ 4ರಿಂದ 6.50ಕ್ಕೆ ಏರಿತ್ತು.

ಅವರು ಇಳಿಸದಿದ್ದರೆ ಬ್ಯಾಂಕಿಗೆ ಹೋಗಿ. ಆದರೆ 18 ಲಕ್ಷಕ್ಕೆ ಮಾತ್ರ, 12 ವರ್ಷಕ್ಕೆ ಮಾತ್ರ. ಕಂತು 19,730 ಬರುತ್ತದೆ. ತಿಂಗಳಿಗೆ 2,040ರಂತೆ ಕೊನೆಯವರೆಗೆ 2 ಲಕ್ಷ 90 ಸಾವಿರದಷ್ಟು ಉಳಿಕೆ. ಪ್ರೊಸೆಸಿಂಗ್ ಶುಲ್ಕ, ವಕೀಲರ ಅಭಿಪ್ರಾಯ, ವ್ಯಾಲ್ಯುಯೇಷನ್, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕುಪತ್ರ ಒಪ್ಪಿಸಿದ್ದರ ನೋಂದಣಿ ಮತ್ತು ಸ್ಟಾಂಪು, ಎಲ್ಲ ಸೇರಿ ಎಷ್ಟಾಗುತ್ತದೆ ಎಂದು ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. 30,000 ಆಯಿತು ಎಂದುಕೊಂಡರೂ 15 ತಿಂಗಳಲ್ಲಿ ಹುಟ್ಟುತ್ತದೆ. ಸಾಲದ ಜೊತೆ ವಿಮೆ ಪಾಲಿಸಿ ಅಂಟಿಸಿ ಅದರ ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸುವ ಚಾಳಿ ಇದೆ. ವಿಮೆ ಬೇಕಿದ್ದರೆ ಬೇರೆಯಾಗಿ ಮಾಡಿಸಿ. ಹಳೆ ಕಂಪನಿ ನಿಮ್ಮಿಂದ ದಂಡ ಕೇಳುವಂತಿಲ್ಲ. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಮುಂಚಿತವಾಗಿ ತೀರಿಸುವ ವ್ಯಕ್ತಿಗಳಿಗೆ ಆ ಶುಲ್ಕ ಇಲ್ಲ. ಕ್ರಯಪತ್ರ, ಹಕ್ಕುಪತ್ರಗಳನ್ನು ಸಾಲ ತೀರಿದ 30 ದಿನದೊಳಗೆ ಬಿಡಬೇಕು, ಅವರದೇ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್‌ನಿಂದ ಇದು ರಿಸರ್ವ್ ಬ್ಯಾಂಕಿನ ನಿಯಮ. ಕೌಂಟರಿನಲ್ಲಿ ನಿಂತು ಇದನ್ನು ಮೆಲ್ಲಗೆ ನೆನಪಿಸಿದರೆ ಕಾಗದಗಳಿಗೆ ಕಾಲು ಬರುತ್ತದೆ.

ಪರ್ಸನಲ್ ಲೋನಿಗೆ ಅದೇ ಬ್ಯಾಂಕಿನಲ್ಲಿ 4 ಲಕ್ಷ ಟಾಪ್ ಅಪ್ (ಮನೆ ಸಾಲದ ಮೇಲೆ ಕೊಡುವ ಹೆಚ್ಚುವರಿ ಸಾಲ) ಕೇಳಿ. ಒಂದೇ ಷರತ್ತು: ಅದು ಬೇರೆ ಖಾತೆಯಾಗಿರಬೇಕು, ಅವಧಿ 4 ವರ್ಷ ಮೀರಬಾರದು. ಶೇ 8.75 ಎಂದುಕೊಂಡರೆ ಕಂತು 9,900, ಬಡ್ಡಿ ಒಟ್ಟು 75,000. ಈಗಿನ ದಾರಿಯಲ್ಲಿ ಉಳಿದ ಬಡ್ಡಿಯೇ 99,000. ಅದನ್ನೇ 20 ವರ್ಷಕ್ಕೆ ಹಾಕಿಸಿಕೊಂಡರೆ ಅಸಲಿಗಿಂತ ಬಡ್ಡಿಯೇ ಹೆಚ್ಚಾಗಿ 4 ಲಕ್ಷ 48 ಸಾವಿರ. ಮಾವನವರ ಆಪರೇಷನ್ ಖರ್ಚನ್ನು 2040ರ ದಶಕದಲ್ಲೂ ತೀರಿಸುವುದು ಬೇಕಾ? ಪರ್ಸನಲ್ ಲೋನ್ ಸಾಮಾನ್ಯವಾಗಿ ಸ್ಥಿರ ಬಡ್ಡಿಯದು, ಮುಂಚಿತವಾಗಿ ತೀರಿಸಲು ಶುಲ್ಕ ಇರಬಹುದು. ಕರಾರುಪತ್ರ ತೆಗೆದು ನೋಡಿ, ಆ ಮೊತ್ತವನ್ನೂ ಲೆಕ್ಕಕ್ಕೆ ಸೇರಿಸಿ.

ಒಡವೆ ಸಾಲವನ್ನು ಮನೆ ಮೇಲೆ ಹೇರಬೇಡಿ. ಅದು ಒಡವೆ ಮೇಲೇ ಇರಲಿ. ಮುಂದಿನ ಸಲ ತಿರುವಿ ಇಡುವಾಗ ಎಲ್ಲವನ್ನೂ ಒಂದೇ ರಸೀದಿಗೆ ಹಾಕದೆ ಬಳೆ ಒಂದು, ಸರ ಒಂದು, ಓಲೆ ಒಂದು ಎಂದು ಮೂರು ಸಾಲ ಮಾಡಿಸಿ. ಕೈಗೆ ದುಡ್ಡು ಬಂದಂತೆ ಒಂದೊಂದನ್ನೇ ಬಿಡಿಸಿಕೊಳ್ಳಬಹುದು.

ಇಷ್ಟು ಮಾಡಿದರೆ ಕಂತು 29,630. ಆತ ತೋರಿಸಿದ 21,300 ಅಲ್ಲ, ನಿಜ. ಆದರೂ ತಿಂಗಳಿಗೆ 6,000 ಬಿಡುವು ಸಿಗುತ್ತದೆ, ಅದನ್ನು ನೇರ ಒಡವೆ ಸಾಲಕ್ಕೆ ಹಾಕಿ. ಹೊಲಿಗೆ ದುಡ್ಡಿಗೆ ಕೈ ಹಾಕಬೇಡಿ, ಅದು ನಿಮ್ಮದು. ಯಜಮಾನರಿಗೆ ಈ ಪುಟ ಓದಿಸುವುದಕ್ಕಿಂತ, ಒಂದು ಹಾಳೆಯಲ್ಲಿ 51 ಮತ್ತು 40 ಎಂದು ಎರಡೇ ಅಂಕಿ ಬರೆದು ಕೊಡಿ. ಗಣಿತದ ಮೇಷ್ಟ್ರಾದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಹೂಟಗಳ್ಳಿ ಕಡೆ ರೆವಿನ್ಯೂ ಸೈಟಿನಲ್ಲಿ ಮನೆ ಕಟ್ಟಿದ್ದೇನೆ. ಫೈನಾನ್ಸ್ ಕಂಪನಿಯ ಸಾಲ 9 ಲಕ್ಷ, ಬದಲಾಗುವ ಬಡ್ಡಿ ಈಗ ಶೇ 13, ಇನ್ನು 10 ವರ್ಷ, ಕಂತು 13,440. ಮೂರು ಬ್ಯಾಂಕ್ ಸುತ್ತಿದೆ, ಸಂಬಳ ಚೆನ್ನಾಗಿದೆ ಎನ್ನುತ್ತಾರೆ, ಸಾಲ ವರ್ಗಾವಣೆಗೆ ಮಾತ್ರ ಒಪ್ಪುತ್ತಿಲ್ಲ. ಎಫ್‌ಡಿಯಲ್ಲಿ ಎರಡು ಲಕ್ಷ ಇದೆ.
– ಓದುಗರು, ಮೈಸೂರು

ಉತ್ತರ: ಬ್ಯಾಂಕಿನವರ ತಕರಾರು ನಿಮ್ಮ ಮೇಲಲ್ಲ, ಸೈಟಿನ ಮೇಲೆ. ಭೂಪರಿವರ್ತನೆ ಆಗದ, ಬಡಾವಣೆ ನಕ್ಷೆಗೆ ಪ್ರಾಧಿಕಾರದ ಅನುಮೋದನೆ ಇಲ್ಲದ ಸೈಟನ್ನು ಅಡಮಾನಕ್ಕೆ ಹಿಡಿಯಲು ಅವರ ವಕೀಲರು ಒಪ್ಪುವುದಿಲ್ಲ. ಕಂಪನಿ ಒಪ್ಪಿದ್ದು ಆ ಅಪಾಯಕ್ಕೂ ಸೇರಿಸಿ 13 ಪರ್ಸೆಂಟ್ ಹಾಕಿಕೊಂಡು. ಇ-ಖಾತೆಗೆ ಅರ್ಜಿ ಹಾಕಿ, ಆದರೆ ಅನುಮೋದನೆ ಇಲ್ಲದ ಸೈಟುಗಳಿಗೆ ಕೊಡುವ ಬಿ ಖಾತೆ ಸಿಕ್ಕ ಕೂಡಲೇ ಬ್ಯಾಂಕ್ ಬಾಗಿಲು ತೆರೆಯುತ್ತದೆಂದು ಕಾಯುತ್ತಾ ಕೂರಬೇಡಿ.

ವರ್ಗಾವಣೆ ಇಲ್ಲದೆಯೂ ದಾರಿ ಇದೆ. ಎಫ್‌ಡಿಯಿಂದ ಒಂದು ಲಕ್ಷ ತೆಗೆದು ಇಂದೇ ಅಸಲಿಗೆ ಕಟ್ಟಿ. ಕಂತು ಹಾಗೇ ಇರಲಿ. 120 ತಿಂಗಳ ಸಾಲ 96 ತಿಂಗಳಿಗೆ ಬರುತ್ತದೆ, ಕಟ್ಟಿದ ಒಂದು ಲಕ್ಷ ಕಳೆದು 2 ಲಕ್ಷ 20 ಸಾವಿರ ಉಳಿಯುತ್ತದೆ. ಶೇ 13ರ ಸಾಲ ಇಟ್ಟುಕೊಂಡು ಅದರ ಅರ್ಧ ಬಡ್ಡಿಯ ಎಫ್‌ಡಿಯಲ್ಲಿ ದುಡ್ಡು ಇಡುವುದು ಕಂಪನಿಗೆ ಮಾಡುವ ದಾನ. ಉಳಿದ ಲಕ್ಷ ಆಪತ್ತಿಗೆ ಇರಲಿ. ಕಟ್ಟುವಾಗ ‘ಕಂತು ಇಳಿಸಬೇಡಿ, ಅವಧಿ ಇಳಿಸಿ’ ಎಂದು ಬರೆದುಕೊಟ್ಟು, ಹೊಸ ಕಂತಿನ ಪಟ್ಟಿ ಕೈಗೆ ತೆಗೆದುಕೊಂಡೇ ಬನ್ನಿ.

ಪ್ರಶ್ನೆ: ನಮ್ಮ ಸೊಸೈಟಿಯಲ್ಲಿ 3 ಲಕ್ಷ ಬೆಳೆ ಸಾಲ ಇದೆ. ಪ್ರತಿ ವರ್ಷ ಗಡುವಿಗೆ ಮುಂಚೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದು ಕಟ್ಟಿ, ಸೊಸೈಟಿ ಮತ್ತೆ ಕೊಟ್ಟ ಮೇಲೆ ತೀರಿಸುತ್ತೇನೆ. ಹತ್ತು ದಿನಕ್ಕೂ ತಿಂಗಳ ಬಡ್ಡಿ ಹಿಡಿಯುತ್ತಾರೆ. ಇದರ ಬದಲು ಜಮೀನು ಬರೆದುಕೊಟ್ಟು ಬ್ಯಾಂಕಿನಲ್ಲಿ ದೊಡ್ಡ ಸಾಲ ಮಾಡಲೇ?
– ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಬೇಡ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಬೆಳೆ ಸಾಲಕ್ಕೆ ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ. ಆ ಮಿತಿಯನ್ನು 2023ರಲ್ಲಿ 3ರಿಂದ 5 ಲಕ್ಷಕ್ಕೆ ಏರಿಸಿದ್ದಾರೆ. ಇಂಥ ಸಾಲ ಬೇರೆಲ್ಲೂ ಸಿಗದು, ಕೈಬಿಡಬೇಡಿ. ಬದಲಿಸಬೇಕಾದ್ದು ನಡುವಿನ ಆ ಹತ್ತು ದಿನ. ಈಗ ಅದಕ್ಕೆ 9,000 ಕೊಡುತ್ತಿದ್ದೀರಿ. ಮನೆಯಲ್ಲಿ ಒಡವೆ ಇದ್ದರೆ ಬ್ಯಾಂಕಿನಲ್ಲಿ ಶೇ 9ರ ಚಿನ್ನದ ಸಾಲ ತೆಗೆಯಿರಿ, ಹತ್ತು ದಿನಕ್ಕೆ 740 ರೂಪಾಯಿ ಬಡ್ಡಿ. ಮೌಲ್ಯಮಾಪಕರ ಶುಲ್ಕ ಸೇರಿದರೂ ಆ 9,000ದ ಹತ್ತಿರಕ್ಕೂ ಬರುವುದಿಲ್ಲ. ಕಾರ್ಯದರ್ಶಿಯನ್ನು ಮುಂಚೆಯೇ ಕಂಡು, ಮರುಸಾಲ ಯಾವ ದಿನ ಖಾತೆಗೆ ಬೀಳುತ್ತದೆ ಎಂದು ಕೇಳಿಕೊಂಡು ಒಡವೆ ಇಡಿ.

ಕೈಸಾಲ ಕೊಡುವವರ ಬಳಿ ಖಾಲಿ ಚೆಕ್ಕು, ಸಹಿ ಹಾಕಿದ ಬಾಂಡು ಕೊಟ್ಟಿದ್ದರೆ ಈ ವರ್ಷ ತೀರಿಸುವಾಗಲೇ ವಾಪಸ್ ಇಸಿದುಕೊಳ್ಳಿ. ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಶೇ 36. ಲೇವಾದೇವಿದಾರರಿಗೆ ರಾಜ್ಯ ಕಾನೂನು ಬಿಟ್ಟಿರುವುದು ಆಧಾರವಿದ್ದರೆ 14, ಇಲ್ಲದಿದ್ದರೆ 16. ಮನೆ ಮುಂದೆ ಬಂದು ಹೆದರಿಸಿದರೆ ಠಾಣೆಗೆ ಹೋಗಿ ದೂರು ಕೊಡಿ, ಬಲವಂತದ ವಸೂಲಿಗೆ ಜೈಲು ಎನ್ನುವ ಕಾನೂನು 2025ರಲ್ಲಿ ಬಂದಿದೆ.