ಗರ್ಭಗುಡಿಯ ಬೀಗದ ಕೈ ಯಾರ ಹತ್ತಿರ?

ದಾವಣಗೆರೆಯಿಂದ ಪತ್ರ ಬರೆದಿರುವ ಗೆಳೆಯರಿಗೆ ನಮಸ್ಕಾರ.

ನಿಮ್ಮ ಪತ್ರ ಆರು ಪುಟ ಇದೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಹಾಗಾಗಿ ಬೇರೆ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ನೀವು ಹತ್ತು ವರ್ಷದಿಂದ ಎಡ ಸಂಘಟನೆಯಲ್ಲಿ ಇದ್ದೀರಿ. ಕಳೆದ ಗಣೇಶನ ಹಬ್ಬದಲ್ಲಿ ನಿಮ್ಮ ಆಟೋ ಯೂನಿಯನ್ನಿನ ಹುಡುಗರೇ ಚಂದಾ ಎತ್ತಿದರು, ಪೆಂಡಾಲ್ ಹಾಕಿದರು, ಡಿಜೆ ಮುಂದೆ ಕುಣಿದರು. ‘ಮೇ ದಿನಕ್ಕೆ ಕರೆದರೆ ಹನ್ನೆರಡು ಜನ, ವಿಸರ್ಜನೆಗೆ ಇನ್ನೂರು ಜನ’ ಎಂದು ಬರೆದಿದ್ದೀರಿ. ಎಡಪಕ್ಷಗಳು ವೋಟಿನ ಭಯಕ್ಕೆ ಬಾಯಿ ಮುಚ್ಚಿಕೊಂಡಿವೆ, ಎಲ್ಲ ಧರ್ಮಗಳನ್ನೂ ನೇರವಾಗಿ ವಿರೋಧಿಸುವ ಒಂದು ಸಂಘಟನೆಯನ್ನು ಎಡಪಂಥೀಯರೇ ಕಟ್ಟಬೇಕು ಅನ್ನೋದು ನಿಮ್ಮ ವಾದ. ಕೊನೆಗೆ, ‘ನೀವಾದರೂ ಹಾರಿಕೆಯ ಉತ್ತರ ಕೊಡಬೇಡಿ’ ಎಂದಿದ್ದೀರಿ.

ಕೊಡುವುದಿಲ್ಲ. ಅಂಥ ಸಂಘಟನೆ ಬೇಡ ಅನ್ನೋದು ನನ್ನ ಉತ್ತರ.

ಇದಕ್ಕೆ ವೋಟು ಕಾರಣ ಅಲ್ಲ. ಈ ಕೆಲಸವನ್ನು ಒಬ್ಬರು ಮಾಡಿ ನೋಡಿದ್ದಾರೆ, ಅದೂ ಸಣ್ಣದಾಗಿ ಅಲ್ಲ. ಸೋವಿಯತ್ ಒಕ್ಕೂಟದಲ್ಲಿ 1925ರಲ್ಲಿ ನಿರೀಶ್ವರವಾದಿಗಳ ಸಂಘ ಹುಟ್ಟಿತು. ಯಾರೋಸ್ಲಾವ್‌ಸ್ಕಿ ಎಂಬ ಹಿರಿಯ ಬೋಲ್ಷೆವಿಕ್, ಅಂದರೆ ರಷ್ಯಾದ ಕಮ್ಯುನಿಸ್ಟ್, ಅದರ ಮುಖ್ಯಸ್ಥ. ಪತ್ರಿಕೆ, ಮ್ಯೂಸಿಯಂ, ಊರೂರು ತಿರುಗುವ ಭಾಷಣಕಾರರು, ಬೆನ್ನಿಗೆ ಸರ್ಕಾರ, ಎಲ್ಲ ಇತ್ತು. 1930ರ ದಶಕದ ಶುರುವಿನಲ್ಲಿ ತನ್ನ ಸದಸ್ಯರು 50 ಲಕ್ಷ ದಾಟಿದರು ಎಂದು ಸಂಘ ಹೇಳಿಕೊಂಡಿತು. ಆಗ ಕಮ್ಯುನಿಸ್ಟ್ ಪಕ್ಷದಲ್ಲೇ ಅಷ್ಟು ಜನ ಇರಲಿಲ್ಲ! 1929ರಲ್ಲಿ ವಾರದ ಲೆಕ್ಕವನ್ನೇ ಬದಲಿಸಿದರು. ಐದು ದಿನಕ್ಕೊಂದು ವಾರ, ಒಬ್ಬೊಬ್ಬರಿಗೆ ಒಂದೊಂದು ದಿನ ರಜೆ. ಯಂತ್ರ ನಿಲ್ಲಬಾರದು ಅನ್ನೋದು ಮುಖ್ಯ ಕಾರಣ, ಭಾನುವಾರದ ಚರ್ಚು ತಪ್ಪಲಿ ಅನ್ನೋ ಲೆಕ್ಕಾಚಾರವೂ ಜೊತೆಗಿತ್ತು. 1931ರ ಡಿಸೆಂಬರ್ 5ರಂದು ಮಾಸ್ಕೋದ ದೊಡ್ಡ ಚರ್ಚು, ಕ್ರೈಸ್ಟ್ ದಿ ಸೇವಿಯರ್ ಕ್ಯಾಥೆಡ್ರಲ್, ಸಿಡಿಮದ್ದಿಗೆ ಉರುಳಿತು.

ಆಮೇಲೆ ಬಂತು 1937ರ ಜನಗಣತಿ. ಅದು ಎಂಥ ವರ್ಷ ಅಂತ ನೆನಪಿಸಿಕೊಳ್ಳಿ. ಸ್ಟಾಲಿನ್ ಆಳ್ವಿಕೆ, ರಾತ್ರಿ ಮಲಗಿದವರು ಬೆಳಿಗ್ಗೆ ಮನೆಯಲ್ಲಿ ಇರುತ್ತಾರೋ ಇಲ್ಲವೋ ಗೊತ್ತಿಲ್ಲದ ಕಾಲ. ಬಾಗಿಲಿಗೆ ಸರ್ಕಾರದ ಮನುಷ್ಯ ಬರುತ್ತಾನೆ. ಹೆಸರು, ವಯಸ್ಸು ಬರೆದುಕೊಳ್ಳುತ್ತಾನೆ. ದೇವರ ಮೇಲೆ ನಂಬಿಕೆ ಉಂಟೋ ಅಂತ ಕೇಳುತ್ತಾನೆ. ‘ಇಲ್ಲ’ ಅಂದುಬಿಟ್ಟರೆ ಎಷ್ಟು ಸುಲಭ ಅಲ್ವಾ? ಹಾಗಿದ್ದೂ 16 ವರ್ಷ ದಾಟಿದವರಲ್ಲಿ ಸುಮಾರು ಐದೂವರೆ ಕೋಟಿ ಜನ ‘ಉಂಟು’ ಎಂದರು. ನೂರಕ್ಕೆ 57 ಜನ. ಸರ್ಕಾರ ಆ ಜನಗಣತಿಯನ್ನೇ ಹೂತುಹಾಕಿತು. ಒಟ್ಟು ಜನಸಂಖ್ಯೆ ಬಯಸಿದ್ದಕ್ಕಿಂತ ಕಡಿಮೆ ಬಂದಿದ್ದು ಇನ್ನೂ ದೊಡ್ಡ ಕಾರಣ, ಅದನ್ನೂ ಹೇಳಬೇಕು. ಗಣತಿ ನಡೆಸಿದ ಅಧಿಕಾರಿಗಳು ಜೈಲು ಸೇರಿದರು, ಕೆಲವರು ಗುಂಡಿಗೆ ಬಲಿಯಾದರು. 1939ರಲ್ಲಿ ಮತ್ತೆ ಎಣಿಸಿದಾಗ ಆ ಪ್ರಶ್ನೆಯನ್ನೇ ಕೈಬಿಟ್ಟಿದ್ದರು.

1943ರಲ್ಲಿ, ಯುದ್ಧದ ನಡುವೆ, ಸ್ಟಾಲಿನ್ನೇ ಚರ್ಚಿನ ಹಿರಿಯರನ್ನು ಕರೆಸಿ ಕೂರಿಸಿಕೊಂಡ. ಒಡೆದ ಚರ್ಚಿನ ಜಾಗದಲ್ಲಿ ಸೋವಿಯತ್ ಅರಮನೆ ಏಳಬೇಕಿತ್ತು. ಏಳಲಿಲ್ಲ. ಕೊನೆಗೆ ಅಲ್ಲೊಂದು ಈಜುಕೊಳ ಮಾಡಿದರು. ಈಗ ಅಲ್ಲಿ ಮತ್ತೆ ಅದೇ ಚರ್ಚು ನಿಂತಿದೆ.

ಇದೇ ಕೆಲಸ ಮುಸ್ಲಿಂ ನಾಡಿಗೆ ಹೋದಾಗ ಇನ್ನೂ ಕೆಟ್ಟದಾಯಿತು. 1927ರ ಮಾರ್ಚ್ 8ರಂದು ಸೋವಿಯತ್ ಒಕ್ಕೂಟದೊಳಗೇ ಇದ್ದ ಉಜ್ಬೆಕಿಸ್ತಾನದಲ್ಲಿ ಪರದೆ ತೆಗೆಸುವ ಚಳವಳಿ ಶುರುವಾಯಿತು. ಹೆಂಗಸರು ಚೌಕದಲ್ಲಿ ಮುಸುಕನ್ನು ಸುಟ್ಟರು. ಭಾಷಣ ಮಾಡಿದವರು ಮುಂದಿನ ಊರಿಗೆ ಹೋದರು. ಹೆಂಗಸರು ವಾಪಸ್ ಮನೆಗೇ ಹೋಗಬೇಕಿತ್ತು ನೋಡಿ. ಮುಂದಿನ ಎರಡು ಮೂರು ವರ್ಷದಲ್ಲಿ ನೂರಾರು ಹೆಂಗಸರು ಕೊಲೆಯಾದರು, ಎಷ್ಟೋ ಕಡೆ ಸ್ವಂತ ಮನೆಯವರ ಕೈಯಲ್ಲೇ. 2022ರಲ್ಲಿ ಉಡುಪಿಯಲ್ಲಿ ಹಿಜಾಬಿನ ಗಲಾಟೆ ಎದ್ದಾಗ ‘ಎಲ್ಲ ಧರ್ಮದ ಗುರುತೂ ಹೋಗಲಿ ಬಿಡಿ’ ಎಂದು ನಮ್ಮ ಕೆಲವು ಎಡ ಗೆಳೆಯರೇ ಹೇಳಿದರು. ನನಗೆ ಈ ಉಜ್ಬೆಕ್ ಹೆಂಗಸರು ನೆನಪಾದರು. ಯಾವತ್ತೂ ಬೆಲೆ ತೆರುವವಳು ಹುಡುಗಿ.

ಲೆನಿನ್ ಪಕ್ಕಾ ನಾಸ್ತಿಕ, ಪಕ್ಷ ನಾಸ್ತಿಕ ಪ್ರಚಾರ ಮಾಡಬೇಕು ಎಂದವರೇ. ಅಧಿಕಾರ ಬಂದ ಮೇಲೆ ಅವರ ಕೈಯೂ ಚರ್ಚಿನ ಮೇಲೆ ಗಡುಸಾಗಿಯೇ ಬಿತ್ತು. ಆದರೆ 1909ರಲ್ಲಿ ಬರೆದ ಒಂದು ಲೇಖನದಲ್ಲಿ ಅವರು ಕೊಡುವ ಉದಾಹರಣೆ ನೋಡಿ. ಒಂದು ಊರಲ್ಲಿ ಮುಷ್ಕರ ನಡೆದಿದೆ. ಕಾರ್ಮಿಕರಲ್ಲಿ ಒಂದಷ್ಟು ಜನ ನಾಸ್ತಿಕರು, ಉಳಿದವರು ಚರ್ಚಿಗೆ ಹೋಗುವವರು. ಆ ಹೊತ್ತಿನಲ್ಲಿ ಹೋಗಿ ದೇವರಿಲ್ಲ ಎಂದು ಭಾಷಣ ಹೊಡೆದರೆ ಮುಷ್ಕರ ಎರಡು ಹೋಳಾಗುತ್ತದೆ, ಪಾದ್ರಿಗೆ ಬೇಕಾಗಿರುವುದೂ ಅದೇ.

ನಾನು ಆ ಭಾಷಣವನ್ನು ಒಮ್ಮೆ ಹೊಡೆದಿದ್ದೇನೆ. 1980ರ ದಶಕದ ಕೊನೆ. ಬಂಟ್ವಾಳದ ಹತ್ತಿರದ ಒಂದು ಹಳ್ಳಿ, ಬೀಡಿ ಕಾರ್ಮಿಕರ ಸಭೆ. ಜಗಲಿಯಲ್ಲಿ ಹದಿನೈದು ಇಪ್ಪತ್ತು ಹೆಂಗಸರು. ಎಲ್ಲರ ತೊಡೆ ಮೇಲೆ ಗೆರಸೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಕೈ ಒಂದು ಗಳಿಗೆ ನಿಲ್ಲುವುದಿಲ್ಲ. ನಾನಾಗ ಇಪ್ಪತ್ತೈದರ ಹುಡುಗ, ಓದಿದ್ದೆಲ್ಲ ನಾಲಿಗೆ ತುದಿಯಲ್ಲಿತ್ತು. ಗೋಡೆ ಮೇಲೆ ಸುಬ್ರಹ್ಮಣ್ಯನ ಕ್ಯಾಲೆಂಡರ್ ಕಂಡಿತು. ಅದನ್ನೇ ತೋರಿಸಿ ಅರ್ಧ ಗಂಟೆ ಮಾತಾಡಿದೆ. ಮುಗಿದ ಮೇಲೆ ಒಬ್ಬ ಹಿರಿಯ ಹೆಂಗಸು, ತಲೆ ಎತ್ತದೆ, ಬೀಡಿಗೆ ನೂಲು ಸುತ್ತುತ್ತಾ ಹೇಳಿದರು: ‘ದೇವರ ವಿಷಯ ಆಮೇಲೆ ಮಾತಾಡುವ ಮಗಾ. ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಸಾವಿರಕ್ಕೆ ನೂರು ಬೀಡಿ ಸರಿಯಿಲ್ಲ ಅಂತ ತೆಗೆದಿಡ್ತಾರಲ್ಲ, ಅದಕ್ಕೆ ಕೂಲಿಯೂ ಇಲ್ಲ, ಬೀಡಿ ವಾಪಸೂ ಇಲ್ಲ. ಅದಕ್ಕೆ ಏನು ಮಾಡುವ, ಅದು ಹೇಳು.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾವಿರಕ್ಕೆ ಎಷ್ಟು ಬೀಡಿ ತೆಗೆದಿಡುತ್ತಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಆಮೇಲೆ ತುಟ್ಟಿಭತ್ಯೆಯ ಹೋರಾಟದಲ್ಲಿ ಆ ಅಮ್ಮ ಮೂರು ದಿನ ಬಿಸಿಲಲ್ಲಿ ಧರಣಿ ಕೂತರು. ನಾಲ್ಕನೇ ದಿನ ಬರಲಿಲ್ಲ, ಊರಲ್ಲಿ ದೈವದ ಕೋಲ ಇತ್ತು. ಐದನೇ ದಿನ ಮತ್ತೆ ಬಂದರು, ಹಣೆಯಲ್ಲಿ ಗಂಧ ಇತ್ತು, ಕೈಯಲ್ಲಿ ನಮಗೆಲ್ಲ ಪ್ರಸಾದ ಇತ್ತು. ತಿಂದೆವು.

‘ಧರ್ಮ ಅಫೀಮು ಅಂತ ಮಾರ್ಕ್ಸ್ ಹೇಳಿಲ್ಲವೇ’ ಎಂದು ಕೇಳಿದ್ದೀರಿ. ಹೇಳಿದ್ದಾರೆ. ಆ ಮಾತಿನ ಹಿಂದಿನ ಸಾಲಿನಲ್ಲೇ ಧರ್ಮ ಅಂದರೆ ತುಳಿತಕ್ಕೆ ಸಿಕ್ಕವರ ನಿಟ್ಟುಸಿರು ಅಂತಲೂ ಇದೆ. ಆ ಕಾಲಕ್ಕೆ ಅಫೀಮು ನೋವಿನ ಔಷಧಿಯೂ ಹೌದು. ಗಾಯಕ್ಕೆ ಮದ್ದು ಮಾಡದೆ ನೋವಿನ ಮಾತ್ರೆ ಕಿತ್ತುಕೊಂಡರೆ ರೋಗಿ ಸುಮ್ನೆ ಇರ್ತಾನಾ?

ಸರಿ, ಹಾಗಾದರೆ ಏನೂ ಮಾಡಬಾರದಾ? ಇಲ್ಲೇ ನಿಮ್ಮ ಪತ್ರದ ಜೊತೆ ನನ್ನ ಜಗಳ ಶುರುವಾಗುವುದು. ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ನೀವು ಅವರನ್ನು ಲೆಕ್ಕಕ್ಕೇ ತಗೊಂಡಿಲ್ಲ.

ಕೇರಳದಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿದವರು ಪಿ. ಕೃಷ್ಣ ಪಿಳ್ಳೆ. 1931ರ ನವೆಂಬರ್‌ನಲ್ಲಿ ಗುರುವಾಯೂರಿನ ಸತ್ಯಾಗ್ರಹ ಶುರುವಾಯಿತು, ಎಲ್ಲ ಜಾತಿಯವರಿಗೂ ದೇವಸ್ಥಾನದ ಬಾಗಿಲು ತೆರೆಯಲಿ ಅಂತ. ಕೃಷ್ಣ ಪಿಳ್ಳೆ ಒಳಗೆ ಹೋಗಿ ಗಂಟೆ ಬಾರಿಸಿದರು. ಆ ಗಂಟೆ ಬ್ರಾಹ್ಮಣರು ಮಾತ್ರ ಬಾರಿಸಬೇಕಾದದ್ದು. ಕಾವಲಿನವರು ಬೆನ್ನ ಮೇಲೆ ಬಾರಿಸಿದರು, ಅವರು ಗಂಟೆ ಬಿಡಲಿಲ್ಲ. ಅದೇ ಸತ್ಯಾಗ್ರಹದಲ್ಲಿ ಸ್ವಯಂಸೇವಕರ ಕ್ಯಾಪ್ಟನ್ ಆಗಿದ್ದವರು ಎ.ಕೆ. ಗೋಪಾಲನ್. ಮುಂದೆ ಇಬ್ಬರೂ ದೊಡ್ಡ ಕಮ್ಯುನಿಸ್ಟ್ ನಾಯಕರಾದರು.

ಪೆರಿಯಾರ್ ಹೆಸರು ಹೇಳಿದ್ದೀರಿ. ಹೌದು, 1953ರಲ್ಲಿ ಬೀದಿಯಲ್ಲಿ ಮಣ್ಣಿನ ಗಣೇಶನನ್ನು ಒಡೆದವರು ಅವರು. ಆದರೆ ಅದೇ ಪೆರಿಯಾರ್ ಕೊನೆಗಾಲದಲ್ಲಿ ಹಟ ಹಿಡಿದಿದ್ದು ಯಾವುದಕ್ಕೆ? ಎಲ್ಲ ಜಾತಿಯವರೂ ಅರ್ಚಕರಾಗಬೇಕು ಅನ್ನೋದಕ್ಕೆ. ದೇವರೇ ಇಲ್ಲ ಅಂದ ಮನುಷ್ಯನಿಗೆ ಗರ್ಭಗುಡಿಯ ಉಸಾಬರಿ ಯಾಕೆ? ಯಾಕಂದರೆ ಒಳಗಿರುವ ಕಲ್ಲಿನ ಬಗ್ಗೆ ಅವರಿಗೆ ಚಿಂತೆ ಇರಲಿಲ್ಲ, ಬೀಗದ ಕೈ ಯಾರ ಸೊಂಟದಲ್ಲಿದೆ ಅನ್ನೋದರ ಬಗ್ಗೆ ಇತ್ತು. ಕರುಣಾನಿಧಿ 1970ರಲ್ಲೇ ಅದಕ್ಕೆ ಕಾನೂನು ತಂದರು. ಕೋರ್ಟು ಕಚೇರಿ ಸುತ್ತಿ, 2021ರ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ ಬೇರೆ ಬೇರೆ ಜಾತಿಯ ತರಬೇತಿ ಪಡೆದ ಅರ್ಚಕರಿಗೆ ನೇಮಕಾತಿ ಪತ್ರ ಕೊಟ್ಟಿತು.

ನಮ್ಮಲ್ಲೇ ಚಂದ್ರಗುತ್ತಿ ಇಲ್ಲವೇ? ಸೊರಬ ತಾಲೂಕಿನ ರೇಣುಕಾಂಬೆಯ ಬೆಟ್ಟ. ಹರಕೆ ಹೊತ್ತವರು ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ಹೋಗುತ್ತಿದ್ದರು. ಹೆಚ್ಚಿನವರು ದಲಿತ, ಹಿಂದುಳಿದ ಜಾತಿಯ ಹೆಂಗಸರು. 1986ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿಯವರೂ ಬೇರೆ ಪ್ರಗತಿಪರರೂ ಅದನ್ನು ತಡೆಯಲು ಹೋದರು. ಜನ ತಿರುಗಿಬಿದ್ದರು. ಕಾರ್ಯಕರ್ತರನ್ನು ಹೊಡೆದರು, ಪೊಲೀಸರ ಬಟ್ಟೆ ಕಿತ್ತು ಬೆತ್ತಲೆ ನಡೆಸಿದರು. ಅಂದು ಹೋದವರು ಸೋತು ವಾಪಸ್ ಬಂದರು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಆದರೆ ಆ ಘಟನೆ ಆದ ಮೇಲೆ ಸರ್ಕಾರ ಬೆತ್ತಲೆ ಸೇವೆ ನಿಷೇಧಿಸಿತು. ಇವತ್ತೂ ಚಂದ್ರಗುತ್ತಿಯಲ್ಲಿ ಜಾತ್ರೆ ನಡೆಯುತ್ತದೆ. ಹೆಂಗಸರು ಸೀರೆ ಉಟ್ಟು ಬೆಟ್ಟ ಹತ್ತುತ್ತಾರೆ. ನನ್ನ ಪ್ರಕಾರ ಅದು ಗೆಲುವು. ಪೆಟ್ಟು ತಿಂದವರಲ್ಲಿ ಎಷ್ಟೋ ಜನ ಆ ಹೆಂಗಸರದೇ ಕೇರಿಗಳಿಂದ ಬಂದವರು. ‘ನಮ್ಮ ಅಕ್ಕ ತಂಗಿಯರ ಮಾನ’ ಅನ್ನೋ ಮಾತು ಅವರ ಬಾಯಲ್ಲಿ ಬಂದಾಗ ಅದಕ್ಕೊಂದು ತೂಕ ಇತ್ತು.

ದೇವದಾಸಿ ವಿಷಯವೂ ಹೀಗೇ. ಮುತ್ತು ಕಟ್ಟಿ ಹುಡುಗಿಯರನ್ನು ದೇವರಿಗೆ ಬಿಡುವುದನ್ನು ನಿಷೇಧಿಸುವ ಕಾಯ್ದೆ 1982ರದ್ದು. ಸರ್ಕಾರದ ಎರಡು ಸಮೀಕ್ಷೆ ಸೇರಿ ಸಿಕ್ಕ ಲೆಕ್ಕ 46,660 ಹೆಂಗಸರು. ಕಾಯ್ದೆ ತಂದಾಕ್ಷಣ ಇವರ ಹೊಟ್ಟೆ ತುಂಬಲಿಲ್ಲ. ಎಡ ಕಾರ್ಯಕರ್ತರು ಅವರದೇ ವಿಮೋಚನಾ ಸಂಘ ಕಟ್ಟಿ, ಮಾಸಾಶನ ಕೊಡಿ, ಭೂಮಿ ಕೊಡಿ, ಅರ್ಜಿಯಲ್ಲಿ ತಂದೆ ಹೆಸರು ಬರೆ ಎಂದು ಮಕ್ಕಳನ್ನು ಪೀಡಿಸಬೇಡಿ ಎಂದು ತಹಶೀಲ್ದಾರರ ಕಚೇರಿ ಮುಂದೆ ಕೂತರು. ಯಲ್ಲಮ್ಮ ಇಲ್ಲ ಅನ್ನೋ ಘೋಷಣೆ ಆ ಧರಣಿಗೆ ಬೇಕಾಗಲಿಲ್ಲ.

ಮಡೆಸ್ನಾನದ್ದು ಇನ್ನೂ ಸಿಕ್ಕು. ಬ್ರಾಹ್ಮಣರು ಉಂಡೆದ್ದ ಎಲೆಯ ಮೇಲೆ ಉರುಳುವುದನ್ನು ಕುಕ್ಕೆಯಲ್ಲಿ ನಿಲ್ಲಿಸಬೇಕು ಎಂದು ಎಡಪಕ್ಷ, ಹಿಂದುಳಿದ ವರ್ಗಗಳ ವೇದಿಕೆ ಎಲ್ಲ ಹೋರಾಡಿದವು. 2011ರಲ್ಲಿ ನಿಷೇಧ ಬೇಡ ಎಂದು ಎದ್ದವರು ಯಾರು ಗೊತ್ತಾ? ಮಲೆಕುಡಿಯರು. ಬೆತ್ತ, ಬಿದಿರಿನಿಂದ ಸುಬ್ರಹ್ಮಣ್ಯನ ತೇರು ಕಟ್ಟುವ ಬುಡಕಟ್ಟು ಜನ. ಇದು ನಮ್ಮ ಹರಕೆ, ನೀವ್ಯಾರು ಕೇಳೋಕೆ ಎಂದರು. ಅವರಿಗೆ ತಿಳಿವಳಿಕೆ ಇಲ್ಲ ಎಂದು ಬೆಂಗಳೂರಲ್ಲಿ ಕೂತು ಬರೆಯುವುದು ಸುಲಭ, ನಾನೂ ಬರೆದಿದ್ದೆ. ಈಗ ಓದಿದರೆ ನಾಚಿಕೆ ಆಗುತ್ತದೆ. ಇನ್ನೊಂದು ಕಡೆ ನಿಡುಮಾಮಿಡಿ ಮಠದ ವೀರಭದ್ರ ಚನ್ನಮಲ್ಲ ಸ್ವಾಮೀಜಿ ಕಾವಿ ಹೊದ್ದುಕೊಂಡೇ ಮಡೆಸ್ನಾನದ ವಿರುದ್ಧ ನಿಂತರು. ಕೊನೆಗೆ 2017ರ ಮೌಢ್ಯ ನಿಷೇಧ ಕಾಯ್ದೆಯ ಪಟ್ಟಿಗೆ ಮಡೆಸ್ನಾನ ಸೇರಿತು. ನೀವು ಕಟ್ಟುವ ಸಂಘದಲ್ಲಿ ಆ ಸ್ವಾಮೀಜಿಗೆ ಕುರ್ಚಿ ಎಲ್ಲಿ ಹಾಕುತ್ತೀರಿ?

ನಿಮ್ಮ ಸಿಟ್ಟಿನಲ್ಲಿ ಒಂದು ಸತ್ಯ ಇದೆ, ಅದನ್ನು ಒಪ್ಪುತ್ತೇನೆ. ‘ಈಗ ಬೇಡ, ಮೊದಲು ಕೂಲಿ’ ಅನ್ನೋ ಮಾತು ನಮ್ಮಲ್ಲಿ ಎಷ್ಟೋ ಸಲ ಹೇಡಿತನಕ್ಕೆ ಹೊದಿಕೆ ಆಗಿದೆ. ಯೂನಿಯನ್ನಿನಲ್ಲಿ ಜಾತಿ ಮಾತು ಬಂದರೆ ವಿಷಯ ಬದಲಿಸಿದ್ದೇವೆ. ಕರಾವಳಿಯಲ್ಲಿ ಬೀಡಿ, ಹೆಂಚು ಕಾರ್ಮಿಕರ ಕೂಲಿ ಜಾಸ್ತಿ ಮಾಡಿಸಿದ್ದು ನಾವು. ಅವರ ಮಕ್ಕಳು ಸಂಜೆ ಹೋದದ್ದು ಭಜನಾ ಮಂದಿರಕ್ಕೆ, ಅಲ್ಲಿ ಯಾರು ಏನು ಹೇಳಿಕೊಡುತ್ತಿದ್ದಾರೆ ಅಂತ ನಾವು ಇಣುಕಿಯೂ ನೋಡಲಿಲ್ಲ. ಇದರ ಫಲ ಕಣ್ಣ ಮುಂದೆ ಇದೆ.

ಮಹಾರಾಷ್ಟ್ರದ ದಾಭೋಲ್ಕರ್, ಪನ್ಸಾರೆ, ನಮ್ಮ ಕಲಬುರ್ಗಿ, ಗೌರಿ ಲಂಕೇಶ್. 2013ರಿಂದ 2017ರೊಳಗೆ ನಾಲ್ವರೂ ಗುಂಡಿಗೆ ಬಲಿಯಾದರು. ದೇವರು, ಧರ್ಮ ನಮ್ಮ ಶತ್ರು ಅಲ್ಲ, ಅದರ ಹೆಸರಲ್ಲಿ ನಡೆಯುವ ಸುಲಿಗೆ ಶತ್ರು ಅನ್ನೋದು ದಾಭೋಲ್ಕರ್ ಕಟ್ಟಿದ ಮೂಢನಂಬಿಕೆ ವಿರೋಧಿ ಸಮಿತಿಯ ನಿಲುವು. ಕಲಬುರ್ಗಿ ಅವರು ಇಡೀ ಆಯುಷ್ಯ ಕಳೆದದ್ದು ವಚನ, ಶಾಸನಗಳ ಜೊತೆ. ಒಳಗಿನಿಂದ ಕೇಳಿದ ಪ್ರಶ್ನೆಗೇ ಇಷ್ಟು ಬೆಲೆ ತೆರಬೇಕಾದ ನಾಡಿನಲ್ಲಿ ನಾವಿದ್ದೇವೆ. ವಿಚಾರವಾದಿಗಳು ಅವರ ಕೆಲಸ ಮಾಡಲಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದ್ದರಲ್ಲ, ಅಂಥದ್ದು ಇನ್ನೂ ಹತ್ತು ಬರಲಿ. ಅದಕ್ಕೆ ಕೆಂಪು ಬಾವುಟ ಬೇಕಾಗಿಲ್ಲ. ನರಸಿಂಹಯ್ಯನವರು ಗಾಂಧಿವಾದಿ.

ನಾನು ದೇವರನ್ನು ನಂಬುತ್ತೇನೋ ಅಂತ ಕೇಳಿದ್ದೀರಿ. ಇಲ್ಲ. ಮನೆಯಲ್ಲಿ ಹೆಂಡತಿ ದೀಪ ಹಚ್ಚುತ್ತಾರೆ. ಎಣ್ಣೆ ಮುಗಿದರೆ ಅಂಗಡಿಗೆ ಹೋಗುವವನು ನಾನು.

ನಿಮ್ಮ ಗಣೇಶನ ವಿಷಯಕ್ಕೆ ಬರುತ್ತೇನೆ. ಈ ಸಲ ಹುಡುಗರು ಚಂದಾ ಪುಸ್ತಕ ಹಿಡಿದು ಬಂದರೆ ಮುಖ ತಿರುಗಿಸಬೇಡಿ. ಐವತ್ತು ರೂಪಾಯಿ ಕೊಟ್ಟು ರಸೀದಿ ತಗೊಳ್ಳಿ. ಹೋದ ವರ್ಷದ ಲೆಕ್ಕ ಎಲ್ಲಿ ಅಂತ ಕೇಳಿ. ಅನ್ನಸಂತರ್ಪಣೆ ದಿನ ಬೀದಿ ಗುಡಿಸುವವರಿಗೆ ಎಲೆ ಹಾಕುವುದು ಪೆಂಡಾಲ್ ಒಳಗೋ, ಹಿಂದುಗಡೆಯೋ ಕೇಳಿ. ಮೆರವಣಿಗೆ ಮಸೀದಿ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ, ಅಲ್ಲಿ ಯಾವ ಹಾಡು ಹಾಕಬೇಕು ಅಂತ ತೀರ್ಮಾನ ಮಾಡುವವರು ಯಾರು, ಅದನ್ನಂತೂ ಕೇಳಲೇಬೇಕು. ಅವರು ನಿಮ್ಮ ಯೂನಿಯನ್ನಿನ ಹುಡುಗರು, ನೀವು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಏನಂದರು ಅಂತ ನನಗೆ ಬರೆಯಿರಿ. ಈ ಸಲ ಎರಡು ಪುಟ ಸಾಕು, ಪೂರ್ತಿ ಹಾಕುತ್ತೇನೆ.

ಸಂಪಾದಕ