ಮಿತಿ 500 ಘನ ಇಂಚು, ಬೋರ್ ಎಷ್ಟು?

ಪ್ರಶ್ನೆ: ಅಮೆರಿಕದ ಪ್ರೊ ಸ್ಟಾಕ್ ಡ್ರ್ಯಾಗ್ ರೇಸಿನಲ್ಲಿ (ನೇರ ಹಾದಿಯ ಕಾರು ಓಟದ ಒಂದು ವರ್ಗ) ಎಂಜಿನ್ ಗಾತ್ರಕ್ಕೆ ಮಿತಿ ಇದೆಯಲ್ಲ, ಮತ್ತೆ ಹೊಸ ವಿನ್ಯಾಸದಿಂದ ಏನು ಲಾಭ ಸರ್?
– ಗ್ಯಾರೇಜ್ ಮೆಕ್ಯಾನಿಕ್, ಕಲಬುರಗಿ

ಉತ್ತರ: ಗಾತ್ರಕ್ಕೆ 500 ಘನ ಇಂಚು, ಎಂಜಿನ್ ತಿರುಗುವ ವೇಗಕ್ಕೆ 10,500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮಿತಿ. ಇವೆರಡರೊಳಗೆ ಗಾಳಿ ಹೆಚ್ಚು ತುಂಬಿಸುವುದೇ ಆಟ. ಬೋರ್ (ಸಿಲಿಂಡರಿನ ಒಳವ್ಯಾಸ) 4.75, ಸ್ಟ್ರೋಕ್ (ಪಿಸ್ಟನ್ ಒಂದು ಬಾರಿ ಚಲಿಸುವ ದೂರ) 3.52 ಇಂಚು ಇಟ್ಟರೆ ಎಂಟು ಸಿಲಿಂಡರಿಗೆ ಸುಮಾರು 499 ಘನ ಇಂಚು. ದೊಡ್ಡ ಬೋರಿನಲ್ಲಿ ದೊಡ್ಡ ವಾಲ್ವ್ ಕೂರುತ್ತದೆ, ಗಾಳಿ ಹೆಚ್ಚು ಒಳಬರುತ್ತದೆ. ಸ್ಟ್ರೋಕ್ ಗಿಡ್ಡವಾದರೂ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 31 ಮೀಟರ್! ಆದರೆ ಬೋರ್ ಹಿಗ್ಗಿಸುತ್ತಾ ಹೋದರೆ ಸಿಲಿಂಡರುಗಳ ನಡುವಿನ ಗೋಡೆ ತೆಳುವಾಗಿ ಬೋರಿನ ದುಂಡು ಆಕಾರ ಕೆಡುತ್ತದೆ, ಪಿಸ್ಟನ್ ರಿಂಗಿನ ಸೀಲ್ ಕೆಡುತ್ತದೆ, ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗುತ್ತದೆ. ಹಾಗಾಗಿ ಸಿಲಿಂಡರುಗಳಿರುವ ಬ್ಲಾಕನ್ನೇ ಹೊಸದಾಗಿ ಎರಕ ಹೊಯ್ಯಬೇಕು. ವಾಲ್ವ್ ಮುಚ್ಚುವ ಸ್ಪ್ರಿಂಗಿನ ಒತ್ತಡ ಪ್ರತಿ ಓಟದ ನಂತರ ಅಳೆಯಿರಿ, ಇಳಿದಿದ್ದರೆ ಬದಲಿಸಿ. ನಿಮ್ಮೂರ ಮೇ ಬಿಸಿಲಿನ 40 ಡಿಗ್ರಿಯಲ್ಲಂತೂ ಗಾಳಿಯ ಸಾಂದ್ರತೆ 25 ಡಿಗ್ರಿಗಿಂತ ಶೇ. 5ರಷ್ಟು ಕಡಿಮೆ, ಇಂಧನವನ್ನೂ ಅಷ್ಟೇ ತಗ್ಗಿಸಬೇಕು.