ಬಡ್ಡಿ ಇಲ್ಲ ಅಂದರೆ ಬಿಟ್ಟಿ ಅಂತಲ್ಲ

ಪ್ರಶ್ನೆ: ನನ್ನ ಊರು ಉಡುಪಿ. ದುಬೈಯಲ್ಲಿ ಬೇಕರಿ ಹಾಕುತ್ತಿದ್ದೇನೆ. ಓವನ್‌ಗೆ ಅಡ್ವಾನ್ಸ್ ಕೊಟ್ಟಾಗಿದೆ. ಇಸ್ಲಾಮಿಕ್ ಬ್ಯಾಂಕ್‌ನಲ್ಲಿ ಬಡ್ಡಿ ಇಲ್ಲವಂತೆ. ಅಲ್ಲೇ ಸಾಲ ತೆಗೆದುಕೊಂಡರೆ ಅಗ್ಗ ಅಲ್ವಾ?

ಉತ್ತರ: ಅಡ್ವಾನ್ಸ್ ಕೊಟ್ಟಮೇಲೆ ಕೇಳುತ್ತಿದ್ದೀರಿ. ಎಲ್ಲರೂ ಹೀಗೇ ಮಾಡುತ್ತಾರೆ.

ಆ ಬ್ಯಾಂಕುಗಳು ಓವನ್‌ಗೆ ಸಾಲ ಕೊಡುವುದಿಲ್ಲ, ಓವನ್ನನ್ನೇ ಮಾರುತ್ತವೆ. ಇದಕ್ಕೆ ಮುರಾಬಹಾ ಎನ್ನುತ್ತಾರೆ. ಓವನ್ ಬೆಲೆ 1 ಲಕ್ಷ ದಿರ್ಹಮ್ ಅಂತಿಟ್ಟುಕೊಳ್ಳಿ. ಬ್ಯಾಂಕ್ ಅದನ್ನು ಮೊದಲು ತಾನು ಕೊಳ್ಳುತ್ತದೆ. ಆಮೇಲೆ, ಲಾಭ ಎಷ್ಟೆಂದು ಹೇಳಿಯೇ, ನಿಮಗೆ 1,12,000ಕ್ಕೆ ಮಾರುತ್ತದೆ. ನೀವು 24 ಕಂತಿನಲ್ಲಿ ತೀರಿಸುತ್ತೀರಿ. ಇಸ್ಲಾಂನಲ್ಲಿ ದುಡ್ಡಿನ ಮೇಲೆ ದುಡ್ಡು ದುಡಿಯುವುದು ನಿಷಿದ್ಧ, ವ್ಯಾಪಾರದ ಲಾಭ ಅಲ್ಲ. ಅದಕ್ಕೇ ಓವನ್ ಒಂದು ಗಳಿಗೆಯಾದರೂ ಬ್ಯಾಂಕಿನದಾಗಬೇಕು. ನೀವೇ ಆರ್ಡರ್ ಕೊಟ್ಟಿದ್ದರೆ ಅದು ರದ್ದಾಗಬೇಕು. ಅಂಗಡಿಯವನು ಅಡ್ವಾನ್ಸ್ ವಾಪಸ್ ಕೊಡುತ್ತಾನಾ, ಇವತ್ತೇ ಕೇಳಿ.

ಅಗ್ಗವೇ? ಹಾಗೇನೂ ಇಲ್ಲ. ಬೇರೆ ಬ್ಯಾಂಕುಗಳ ಬಡ್ಡಿದರ ನೋಡಿಕೊಂಡೇ ಇವರೂ ಲಾಭ ಕಟ್ಟುತ್ತಾರೆ. ಒಪ್ಪಿದ ಬೆಲೆ ಮತ್ತೆ ಏರುವುದಿಲ್ಲ, ಅದು ನಿಜವಾದ ಅನುಕೂಲ. ಕಂತು ತಪ್ಪಿದರೆ ಹಾಕುವ ದಂಡ ಸಾಮಾನ್ಯವಾಗಿ ದಾನಕ್ಕೆ ಹೋಗುತ್ತದೆ. ಆದರೆ ಹೋಗುವುದು ನಿಮ್ಮ ಜೇಬಿನಿಂದಲೇ! ಬೇಗ ತೀರಿಸಿದರೆ ರಿಯಾಯಿತಿ ಸಿಗುತ್ತದೆ ಅಂತ ಬಾಯಿಮಾತಿನಲ್ಲಿ ಹೇಳಿದರೆ ನಂಬಬೇಡಿ. ಹಲವು ಕಡೆ ಅದು ಬ್ಯಾಂಕಿನ ಮರ್ಜಿ. ಬರೆಸಿಕೊಳ್ಳಿ. ನಾನಾಗಿದ್ದರೆ ಎರಡೂ ಬಗೆಯ ಬ್ಯಾಂಕಿನಿಂದ ಒಟ್ಟು ಕಟ್ಟಬೇಕಾದ ಮೊತ್ತ ಕೇಳಿ, ಎರಡು ಚೀಟಿ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ.

ಪ್ರಶ್ನೆ: ಹಿಂದೂಗಳಿಗೂ ಕೊಡುತ್ತಾರಾ?

ಉತ್ತರ: ಕೊಡುತ್ತಾರೆ. ನೋಡುವುದು ನಿಮ್ಮ ಲೆಕ್ಕಪತ್ರ, ಜಾತಕ ಅಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಒಬ್ಬರು ‘ಹಲಾಲ್ ಹೂಡಿಕೆ’ಗೆ ತಿಂಗಳಿಗೆ ಖಚಿತ 3% ಲಾಭ ಕೊಡುತ್ತಾರಂತೆ. ಹಾಕಲಾ?

ಉತ್ತರ: 2019 ಇಷ್ಟು ಬೇಗ ಮರೆತುಹೋಯಿತಾ? ಹೀಗೆ ನಂಬಿಸಿದವರು ಇದೇ ಊರಲ್ಲಿ ಸಾವಿರಾರು ಜನರ ದುಡ್ಡು ಮುಳುಗಿಸಿದರು. ಇಂಥ ಹೂಡಿಕೆ ಅಂದರೆ ಪಾಲುದಾರಿಕೆ. ಪಾಲುದಾರಿಕೆ ಅಂದಮೇಲೆ ನಷ್ಟದಲ್ಲೂ ಪಾಲು. ಹಾಕಿದ ದುಡ್ಡಿಗೆ ಮೊದಲೇ ಇಷ್ಟು ಅಂತ ಗೊತ್ತುಮಾಡಿದ ಲಾಭ ಬಡ್ಡಿಯೇ. ಧರ್ಮದ ಹೆಸರು ಹೇಳುವವನೇ ಧರ್ಮದ ನಿಯಮ ಮುರಿಯುತ್ತಿದ್ದಾನೆ. ಹೋಗಬೇಡಿ.

ಪ್ರಶ್ನೆ: ಬಡ್ಡಿಗೆ ಕಡಿವಾಣ ಹಾಕಿದ್ದು ಇಸ್ಲಾಂ ಮಾತ್ರವೇ?

ಉತ್ತರ: ಅಲ್ಲ. ಹಿಂದೂ ಕಾನೂನಿನ ದಾಮ್‌ದುಪಟ್ ಪ್ರಕಾರ ಒಂದೇ ಸಲಕ್ಕೆ ಅಸಲಿಗಿಂತ ಜಾಸ್ತಿ ಬಡ್ಡಿ ವಸೂಲು ಮಾಡುವಂತಿರಲಿಲ್ಲ. ನಿಮ್ಮ ಬೀದಿಯ ಮೀಟರ್ ಬಡ್ಡಿಯವನಿಗೆ ಹೇಳಿ ನೋಡಿ.